ನಡುಗುವ ಕೈಗೆ ನಡುಗದ ದುರ್ಬೀನು

ಓದಿದ ಹೆಂಗಸು ಒಂದು ವಸ್ತು ಕೊಳ್ಳಲು ಹೊರಟರೆ ನಮ್ಮ ಕಡೆ ಎಲ್ಲರಿಗೂ ಒಮ್ಮೆಲೇ ಬುದ್ಧಿ ಬರುತ್ತದೆ. ಅಲ್ಲಿಯವರೆಗೆ ಆ ಬುದ್ಧಿ ಎಲ್ಲಿ ಇಟ್ಟಿದ್ದರೋ ಗೊತ್ತಿಲ್ಲ. ಮಿಕ್ಸರ್ ತರುವಾಗ ಹೀಗಾಗಿದೆ, ಹಲ್ಲು ಕಟ್ಟಿಸುವಾಗ ಆಗಿದೆ. ಆದರೆ ದುರ್ಬೀನು ಕೊಂಡಾಗ ಆದದ್ದಕ್ಕೆ ಅವು ಯಾವುವೂ ಸಾಟಿಯಲ್ಲ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ತವರು ಇಂಡಿ, ಮನೆ ಬಸವನ ಬಾಗೇವಾಡಿ. ಮಗಳನ್ನು ಕೊಟ್ಟದ್ದು ಸಿಂದಗಿಗೆ, ತಂಗಿ ಇರುವುದು ಮುದ್ದೇಬಿಹಾಳದ ಕಡೆ. ಹಾಗಾಗಿ ನಾಲ್ಕೂ ತಾಲೂಕಿನಲ್ಲಿ ನನಗೆ ಸಲಹೆ ಕೊಡುವವರು ಇದ್ದಾರೆ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲ ಹೆಣ್ಣುಮಗಳು ನಾನು. ಈ ಮಾತನ್ನು ನಾನು ತಿಂಗಳಿಗೊಮ್ಮೆ ಹೇಳುತ್ತೇನೆಂದು ಸೊಸೆ ದೂರುತ್ತಾಳೆ. ಸುಳ್ಳು. ವಾರಕ್ಕೊಮ್ಮೆ ಹೇಳುತ್ತೇನೆ.

ಬಡ್ತಿ

ಚಳಿಗಾಲದಲ್ಲಿ ಕೃಷ್ಣೆಯ ಹಿನ್ನೀರಿಗೆ ಹೊರನಾಡಿನ ಹಕ್ಕಿಗಳು ಬರುತ್ತವೆ. ಪಟ್ಟೆತಲೆಯ ಬಾತು, ರಾಜಹಂಸ, ಹೆಸರು ಹೇಳಲು ಬಾರದ ಇನ್ನೆಷ್ಟೋ. ಅವನ್ನು ಎಣಿಸಲು ಬಾಗೇವಾಡಿ, ಮುದ್ದೇಬಿಹಾಳದ ಒಂದು ಸಣ್ಣ ಗುಂಪು ಪ್ರತಿ ವರ್ಷ ಒಂದು ಭಾನುವಾರ ದಂಡೆಯ ಮೇಲೆ ಸೇರುತ್ತದೆ. ಗುಂಪು ಕಟ್ಟಿದಾಗಿನಿಂದ ಎಣಿಕೆ ನನ್ನದು. ಎಲ್ಲಿ, ಯಾವತ್ತು, ಯಾವ ಹಕ್ಕಿ, ಎಷ್ಟು, ಗಾಳಿ ಯಾವ ಕಡೆಯದು ಎಂಬುದನ್ನೆಲ್ಲ ಬರೆದಿಟ್ಟವಳು ನಾನು. ಉಳಿದವರು ಹಕ್ಕಿ ನೋಡಿ "ಆಹಾ" ಅನ್ನುತ್ತಿದ್ದರು. "ಆಹಾ" ಎನ್ನುವುದನ್ನು ಯಾವ ಕಾಲಂನಲ್ಲಿ ಬರೆಯಬೇಕೋ ನನಗೆ ಗೊತ್ತಾಗಿಲ್ಲ.

ಎರಡು ವರ್ಷದಿಂದ ನನ್ನ ಕೈ ನಡುಗುತ್ತದೆ. ಡಾಕ್ಟರು ವಯಸ್ಸಿನದು, ಹೆದರಬೇಡಿ ಅಂದರು. ನಾನು ಹೆದರಲಿಲ್ಲ. ಹೆದರಿದವರು ನಮ್ಮ ಗುಂಪಿನ ಹಿರಿಯರು. ಅವರು ಕಾಲೇಜಿನಿಂದ ನಿವೃತ್ತರಾದ ಪ್ರೊಫೆಸರು. ನಿವೃತ್ತಿಯಾಗಿದ್ದು ಸಂಬಳ ಮಾತ್ರ, ಪಾಠ ನಿಂತಿಲ್ಲ. ದೀಪಾವಳಿ ಮುಗಿದ ಮೇಲೆ ನಡೆದ ಮೀಟಿಂಗಿನಲ್ಲಿ ಎಲ್ಲರ ಎದುರು ನನಗೆ ಹೇಳಿದರು:

"ಅಕ್ಕಾರ, ತಪ್ಪ ತಿಳಿಬ್ಯಾಡ್ರಿ. ನಿಮ್ಮ ಕೈ ನಡಗ್ತೈತಿ. ಕೈ ನಡಗಿದ್ರ ದುರ್ಬೀನು ನಡಗ್ತೈತಿ. ದುರ್ಬೀನು ನಡಗಿದ್ರ ಒಂದ ಹಕ್ಕಿ ಎರಡ ಸಲ ಲೆಕ್ಕಕ್ಕ ಬರ್ತೈತಿ."

"ಹಂಗಾದ್ರ?"

"ಈ ಸಲ ಎಣಿಕಿ ನಾ ನೋಡ್ಕೋತೇನಿ. ನೀವು ಹಿರಿಯರು. ಚಾದ ವ್ಯವಸ್ಥಾ ನಿಮಗ ಬಿಟ್ಟೀವಿ."

ಎಲ್ಲರೂ ತಲೆ ತಗ್ಗಿಸಿ ಚಪ್ಪಲಿ ನೋಡಿದರು. ಇಷ್ಟು ವರ್ಷ ಎಣಿಸಿದ ಕೈಗೆ ಚಾ ಬಸಿಯುವ ಬಡ್ತಿ! ದುರ್ಬೀನು ಹಿಡಿಯಲಾಗದ ಕೈಗೆ ಕುದಿಯುವ ಚಾದ ಕೆಟಲ್ ಕೊಟ್ಟರೆ ಯಾರ ಮೈಮೇಲೆ ಏನಾದೀತು ಎಂದು ಪ್ರೊಫೆಸರು ಯೋಚಿಸಿರಲಿಲ್ಲ. ನಾನು ಯೋಚಿಸಿದ್ದೆ. ಅವರು ಎಲ್ಲಿ ಕೂಡುತ್ತಾರೆ ಎಂಬುದೂ ನನಗೆ ಗೊತ್ತಿತ್ತು.

ಎಷ್ಟು ಎಚ್‌ಪಿ?

ಕೈ ನಡುಗಿದರೂ ಚಿತ್ರ ನಡುಗದಂತೆ ಹಿಡಿದು ನಿಲ್ಲಿಸುವ ದುರ್ಬೀನು ಬಂದಿದೆ ಎಂದು ನಾನು ಓದಿ ತಿಳಿದುಕೊಂಡಿದ್ದೆ. ಅದಕ್ಕೆ ಸೆಲ್ ಹಾಕಬೇಕು, ಒಂದು ಗುಂಡಿ ಒತ್ತಬೇಕು, ಹಕ್ಕಿ ಗಪ್ಪನೆ ನಿಲ್ಲುತ್ತದೆ. ಮನೆಯಲ್ಲಿ ಹೇಳಿದೆ. ಹೇಳಬಾರದಿತ್ತು.

ಹಿರಿಮಗನದು ಬೋರ್‌ವೆಲ್ ಮೋಟಾರಿನ ಅಂಗಡಿ. ಅವನಿಗೆ ಜಗತ್ತೆಲ್ಲ ಮೋಟಾರೇ.

"ಯವ್ವಾ, ಎಷ್ಟು ಪವರಿಂದು ತಗೋತಿ?"

"ಹತ್ತು ಪಟ್ಟಿಂದು."

"ಹತ್ತಾ? ಹತ್ತು ಯಾತಕ್ಕ ಸಾಲ್ತೈತಿ? ನೀರು ಆಳಕ್ಕ ಹೋಗ್ಯಾವ. ಇಪ್ಪತ್ತೈದರದು ಕೂಡಸು."

ನಾನು ಸಮಾಧಾನದಿಂದ ಬಿಡಿಸಿ ಹೇಳಿದೆ. ಹತ್ತು ಪಟ್ಟು ಅಂದರೆ ಹಕ್ಕಿ ಹತ್ತು ಪಟ್ಟು ಹತ್ತಿರ ಬರುತ್ತದೆ, ಆದರೆ ನನ್ನ ಕೈನಡುಕವೂ ಹತ್ತು ಪಟ್ಟು ದೊಡ್ಡದಾಗುತ್ತದೆ. ಇಪ್ಪತ್ತೈದಾದರೆ ನಡುಕ ಇಪ್ಪತ್ತೈದು ಪಟ್ಟು. ಮೇಲಾಗಿ ಪವರ್ ಏರಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ. ಇಡೀ ಹಿಂಡು ನೋಡಬೇಕಾದಲ್ಲಿ ಒಂದು ಹಕ್ಕಿಯ ಮೊಣಕಾಲು ನೋಡಿಕೊಂಡು ಕೂಡಬೇಕಾಗುತ್ತದೆ.

ಅವನು ಗಂಭೀರವಾಗಿ ಕೇಳಿದ. "ಆತು, ಹತ್ತರದ ತಗೋ. ತೂಕ ಎಷ್ಟು?"

"ಮುಕ್ಕಾಲು ಕಿಲೋದ ಒಳಗ ಇರಬೇಕು. ಕೊರಳಾಗ ಹಾಕ್ಕೊಂಡು ತಿರುಗಬೇಕಲ್ಲ."

"ಹಗುರ ಇದ್ರ ತಾಮ್ರ ಕಡಿಮಿ ಇರ್ತೈತಿ. ಸುಟ್ಟು ಹೋಗ್ತೈತಿ ನೋಡು."

ಸೊಸೆ ಅಡಿಗೆಮನೆಯಿಂದಲೇ ಕೂಗಿದಳು: "ಅತ್ತಿ, ಮದುವಿ ವಿಡಿಯೋದವರು ಮೂರು ಕಾಲಿಂದು ಸ್ಟ್ಯಾಂಡ್ ಇಟ್ಟಿರ್ತಾರಲ್ರಿ, ಅದರ ಮ್ಯಾಲ ಹಳೇದನ್ನ ಕೂಡಸಿದ್ರ ಆಗಂಗಿಲ್ಲೇನ್ರಿ?"

ಇದು ಬುದ್ಧಿಯ ಮಾತೇ. ಆದರೆ ಹಾರುವ ಹಿಂಡಿನ ಹಿಂದೆ ಕೆಸರಿನಲ್ಲಿ ಮೂರು ಕಾಲು ಹೊತ್ತುಕೊಂಡು ನಾನು ಓಡಬೇಕು. ನನ್ನ ಸ್ವಂತ ಎರಡು ಕಾಲೇ ಮಾತು ಕೇಳುವುದಿಲ್ಲ. ಇದನ್ನು ಹೇಳಿದಾಗ ಮಗ ಅಂದ: "ಮೋಟಾರ್ ಒಂದ ಕಡೆ ಕೂಡಸಿದ ಮ್ಯಾಲ ಎತ್ತಬಾರದವ್ವಾ. ಹಕ್ಕಿಗೇ ಹೇಳು, ಆ ಕಡೆ ಬರ್ರಿ ಅಂತ."

ಬೀಗರ ಜೋಡಿ

ಸಿಂದಗಿಗೆ ಸುದ್ದಿ ಹೋಯಿತು. ಬೀಗರು ಫೋನು ಮಾಡಿದರು.

"ಬೀಗತ್ಯಾರ, ಹೊಸಾದು ಯಾಕ ತಗೋತೀರಿ? ನಮ್ಮನ್ಯಾಗ ಭಾರಿ ದುರ್ಬೀನೈತಿ. ಜಾತ್ರ್ಯಾಗ ತಂದಿದ್ದೆ. ಚಂದ್ರನ ಮ್ಯಾಲಿನ ತಗ್ಗು ಎಣಿಸಬಹುದು. ಬಂದು ನೋಡ್ರಿ."

ಮಗಳನ್ನು ಕೊಟ್ಟ ಮನೆ, ಇಲ್ಲ ಅನ್ನಲಾದೀತೆ? ಹೋದೆ. ಬೀಗರು ದೇವಣಗಾಂವ ದಾಟಿ ಭೀಮೆಯ ದಂಡೆಯಲ್ಲಿರುವ ತಮ್ಮ ಹೊಲಕ್ಕೇ ಕರೆದೊಯ್ದರು. ದುರ್ಬೀನನ್ನು ಕೆಂಪು ವಸ್ತ್ರದಿಂದ ಬಿಡಿಸಿ, ಕೂಸು ಕೊಟ್ಟ ಹಾಗೆ ಎರಡು ಕೈಯಲ್ಲಿ ಕೊಟ್ಟರು. ಮೈಮೇಲೆ ಬರೆದ ಅಂಕಿ ನೋಡಿದರೆ ಅದರಲ್ಲಿ ಲಂಡನ್ನು ಕಾಣಬೇಕು. ನದಿಯ ನಡುವೆ ಒಂದು ಬೆಳ್ಳಕ್ಕಿ ನಿಂತಿತ್ತು. ದುರ್ಬೀನು ಎತ್ತಿ ನೋಡಿದರೆ ಎರಡು ಬೆಳ್ಳಕ್ಕಿ, ಒಂದರ ಹೆಗಲ ಮೇಲೆ ಇನ್ನೊಂದು.

"ಬೀಗರ, ಇದರ ಎರಡು ನಳಿಗಿ ಒಂದ ಕಡೆ ನೋಡವಲ್ಲವು. ಒಂದು ಹಕ್ಕಿ ಎರಡಾಗಿ ಕಾಣಾಕತ್ತೈತಿ."

"ಅದ ಅದರ ವಿಶೇಷ್ರಿ ಬೀಗತ್ಯಾರ! ಯಾರನ್ನೂ ಒಂಟಿ ಬಿಡಂಗಿಲ್ಲ."

"ಮತ್ತ ಎಣಿಕಿ?"

"ಎಣಿಸಿ ಅರ್ಧ ಮಾಡ್ರಿ. ಓದಿದವರಿಗೆ ಅದೇನು ಕಷ್ಟ?"

ಮಗಳ ಮದುವೆಯ ಮಾತುಕತೆಯಲ್ಲಿ ಬೀಗರು ತಮ್ಮ ಹೊಲ ಇಷ್ಟಿದೆ ಎಂದು ಹೇಳಿದ್ದರು. ಮದುವೆಯಾದ ಮೇಲೆ ಅದು ಅರ್ಧವೇ ಇತ್ತು. ಸುಳ್ಳು ಹೇಳಿದರು ಎಂದು ಇಷ್ಟು ವರ್ಷ ಮನಸ್ಸಿನಲ್ಲಿ ಬೈದುಕೊಂಡಿದ್ದೆ. ಪಾಪ, ದುರ್ಬೀನಿನಲ್ಲಿ ನೋಡಿ ಹೇಳಿದ್ದರು.

ಕಲ್ಲಿನಂಗ ನಿಂತೈತಿ

ಕೊನೆಗೆ ವಿಜಯಪುರದ ಒಂದು ಕ್ಯಾಮೆರಾ ಅಂಗಡಿಯವರು ನಾನು ಹೇಳಿದ ದುರ್ಬೀನು ತರಿಸಿಕೊಡುತ್ತೇವೆ, ನೋಡಿ ಒಯ್ಯಿರಿ ಅಂದರು. ಹಿರಿಮಗನ ಜೊತೆ ಹೋದೆ.

ಅಂಗಡಿಯವರು ಬಾಯಿಮಾತಿನಲ್ಲಿ ಬಹಳ ಮರ್ಯಾದಸ್ಥರು. ಆದರೆ ಕೇಳಿದವಳು ನಾನು, ಉತ್ತರ ಮಾತ್ರ ಮಗನಿಗೆ.

"ಚಸ್ಮಾ ಹಾಕ್ಕೊಂಡ ನೋಡಿದ್ರ ಅಂಚು ಕತ್ತರಿಸಂಗಿಲ್ಲಲ್ರಿ?" ಎಂದು ನಾನು ಕೇಳಿದೆ.

"ಸಾಹೇಬ್ರ, ಅಮ್ಮಾರಿಗೆ ಹೇಳ್ರಿ, ಚಸ್ಮಾದ ಚಿಂತಿ ಬ್ಯಾಡ."

"ಸೆಲ್ ಎಷ್ಟು ತಾಸು ಬರ್ತಾವು? ಮಂಜಿನಾಗ ಹಿಡದ್ರ ಒಳಗ ಹಸಿ ಇಳಿತೈತೇನು?"

"ಸಾಹೇಬ್ರ, ಅಮ್ಮಾರು ಭಾಳ ಸೂಕ್ಷ್ಮ ಅದಾರ್ರಿ. ಮನ್ಯಾಗ ನಿಮ್ಮ ಕಥಿ ಹೆಂಗ?"

ಆಮೇಲೆ ಬಾಗಿಲಿಗೆ ಬಂದು ತಾವೇ ತೋರಿಸಿಕೊಟ್ಟರು. ಎದುರಿನ ನೀರಿನ ಟಾಕಿಯ ಮೇಲೆ ಒಂದು ಹದ್ದು ಕುಳಿತಿತ್ತು. ದುರ್ಬೀನು ಹಿಡಿದು, ಗುಂಡಿ ಒತ್ತಿ, "ಯಾ ಖುದಾ! ಏನು ನಿಂತೈತ್ರಿ, ಫೋಟೋ ಹೊಡದಂಗ!" ಅಂದರು. ಮಗನಿಗೆ ಕೊಟ್ಟರು. ಅವನೂ ನೋಡಿ, "ಯವ್ವಾ, ಕಲ್ಲಿನಂಗ ನಿಂತೈತಿ. ಒಂದೀಟೂ ಅಲಗವಲ್ದು" ಅಂದ. ಪಕ್ಕದ ಅಂಗಡಿಯವರು ಕರೆಯದೆ ಬಂದು ನೋಡಿ, "ಇದು ಜರ್ಮನ್ ಮಷಿನ್ ಇರಬೇಕ್ರಿ" ಎಂದು ತೀರ್ಪು ಕೊಟ್ಟು ಹೋದರು.

ನನ್ನ ಸರದಿ ಬಂತು. ಎತ್ತಿದೆ, ಗುಂಡಿ ಒತ್ತಿದೆ. ಹದ್ದು ಡೊಳ್ಳು ಕುಣಿಯುತ್ತಿತ್ತು. ಇನ್ನೊಮ್ಮೆ ಒತ್ತಿದೆ. ಹದ್ದಿನ ಜೊತೆ ಟಾಕಿಯೂ ಕುಣಿಯಿತು.

"ಅಮ್ಮಾರಿಗೆ ವಯಸ್ಸಾತ್ರಿ, ಕೈ ರೂಢಿ ಆಗಬೇಕು" ಎಂದು ಅಂಗಡಿಯವರು ಮಗನಿಗೆ ಸಮಾಧಾನ ಹೇಳಿದರು.

ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನಗೂ ಅನುಮಾನ ಬಂತು. ಮಷಿನ್ನಿಗೂ ನಿಲ್ಲಿಸಲಾಗದಷ್ಟು ನಡುಗುತ್ತದೆಯೇ ನನ್ನ ಕೈ? ಹಾಗಾದರೆ ಪ್ರೊಫೆಸರು ಹೇಳಿದ್ದೇ ಸರಿ. ಚಾ ಬಸಿಯುವುದೇ ಉಳಿಯಿತು. ಆದರೆ ಬಿ.ಎಸ್ಸಿ. ಓದುವಾಗ ನಮ್ಮ ಪ್ರಯೋಗಾಲಯದಲ್ಲಿ ಕಲಿಸಿದ ಮೊದಲ ಪಾಠ, ಉಪಕರಣ ಮಾತಾಡದಿದ್ದರೆ ಮೊದಲು ಅದರ ಹೊಟ್ಟೆ ನೋಡು ಎಂಬುದು. ದುರ್ಬೀನು ತಿರುಗಿಸಿ ಸೆಲ್ಲಿನ ಮುಚ್ಚಳ ತೆಗೆದೆ. ಒಳಗೆ ಬಣಬಣ. ಒಂದು ಸೆಲ್ಲೂ ಇಲ್ಲ.

ಮಗ ನೀರಿನ ಟಾಕಿಯ ಕಡೆ ನೋಡಿದ. ಅಂಗಡಿಯವರು ಡ್ರಾವರಿನಿಂದ ಸೆಲ್ ತೆಗೆದು ಹಾಕಿದರು. ಮತ್ತೆ ಹಿಡಿದು ಗುಂಡಿ ಒತ್ತಿದೆ. ಹದ್ದು ನಿಂತಿತು. ಎರಡು ವರ್ಷದ ನಂತರ ಮೊದಲ ಸಲ ಒಂದು ಹಕ್ಕಿ ನನ್ನ ಎದುರು ಸುಮ್ಮನೆ ನಿಂತಿತ್ತು. ಅದರ ಕೊಕ್ಕಿನ ತುದಿಗೆ ಅಂಟಿದ್ದ ಸಣ್ಣ ತುಪ್ಪಳವೂ ಕಂಡಿತು. ನಾನು ಸ್ವಲ್ಪ ಹೊತ್ತು ದುರ್ಬೀನು ಇಳಿಸಲಿಲ್ಲ. ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣುವುದು ಬೇಡವಾಗಿತ್ತು.

ಇಳಿಸಿದಾಗ ಅಂಗಡಿಯವರು ಮೊದಲ ಸಲ ನನ್ನ ಕಡೆ ತಿರುಗಿ ಮಾತಾಡಿದರು: "ನೋಡ್ರಿ ಅಮ್ಮಾರ, ಸೆಲ್ ಇಲ್ಲದನ ನಮಗ ಅಷ್ಟು ಚಲೋ ನಿಂತಿತ್ತು. ಹಂಗಾದ್ರ ಕಂಪನಿ ಎಷ್ಟು ಚಲೋ ಇರಬೇಕು!"

ಹಣೆಗೆ ಹಚ್ಚಿದ್ದು

ಹೊಸ ವಸ್ತು ಮನೆಗೆ ಬಂದರೆ ಪೂಜೆಯಾಗಬೇಕು. ಅದೇ ದಿನ ಇಂಡಿಯಿಂದ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಬಂದಿದ್ದರು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ದುರ್ಬೀನು ದೇವರ ಮನೆಯಲ್ಲಿ ಗದ್ದುಗೆ ಏರಿತ್ತು. ಪಟ್ಟಿಗೆ ಲಿಂಬೆಹಣ್ಣು ಕಟ್ಟಿದ್ದರು. ಮುಂದಿನ ಎರಡೂ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ತೆಂಗಿನಕಾಯಿ ನೀರು ಮೇಲಿನಿಂದ ಇಳಿಯುತ್ತಿತ್ತು.

"ವೈನೀ! ಗಾಜಿಗೆ ಯಾಕ ಹಚ್ಚಿದ್ರಿ?"

"ಮತ್ತೆಲ್ಲಿ ಹಚ್ಚಲಿ? ಅದಕ್ಕ ಹಣಿ ಎಲ್ಲೈತಿ? ನಿಮ್ಮ ಅಣ್ಣನ ಟ್ರ್ಯಾಕ್ಟರಿಗೂ ದೀಪದ ಮ್ಯಾಲ ಹಚ್ಚೇನಿ. ಅದು ಓಡಾಕತ್ತಿಲ್ಲೇನು?"

ಅಷ್ಟಂದು ದುರ್ಬೀನನ್ನೆತ್ತಿ ಸೆರಗಿನಿಂದ ಗಸಗಸ ಒರೆಸಿ, ಕಣ್ಣಿಗಿಟ್ಟುಕೊಂಡು ಅಂಗಳಕ್ಕೆ ನಡೆದರು. ಬಿಸಿಲಿನ ಮಧ್ಯಾಹ್ನ. ನಾಲ್ಕೂ ದಿಕ್ಕಿಗೆ ತಿರುಗಿ ನೋಡಿದರು. ಒರೆಸಿದರೂ ವಿಭೂತಿ ಹೋಗಿರಲಿಲ್ಲ, ಗಾಜಿನ ತುಂಬ ಹರಡಿಕೊಂಡಿತ್ತು.

"ಏನ್ ಕಾಣಾಕತ್ತೈತ್ರಿ ವೈನಿ?"

"ಎಲ್ಲಾ ಬೆಳ್ಳಗ ಐತಿ" ಎಂದು ಭಕ್ತಿಯಿಂದ ಹೇಳಿದರು. "ಶಿವಾ ಶಿವಾ! ನಾ ಹಚ್ಚಿದ್ದು ಅವಗ ಮುಟ್ಟೇತಿ. ಕೈಲಾಸದ ಮಟಾ ಹೊಡಿತೈತವ್ವಾ ಇದು!"

ಗಾಜು ಸ್ವಚ್ಛ ಮಾಡಲು ನನಗೆ ಎರಡು ದಿನ ಹಿಡಿಯಿತು. ಕುಂಕುಮದ ಒಂದು ಚುಕ್ಕೆ ಇಂದಿಗೂ ಅಂಚಿನಲ್ಲಿದೆ. ವೈನಿ ಇಂಡಿಗೆ ಹೋಗಿ ನಮ್ಮ ಮನೆಯಿಂದ ಕೈಲಾಸ ನೋಡಿದೆ ಎಂದು ಓಣಿಗೆಲ್ಲ ಹೇಳಿದ್ದಾರಂತೆ.

ಎರಡನೆಯ ಸಾಕ್ಷಿ

ಎಳ್ಳಮಾವಾಸ್ಯೆ ಬಂತು. ಅವತ್ತು ನಮ್ಮ ಕಡೆ ಊರಲ್ಲಿ ಯಾರೂ ಉಳಿಯುವುದಿಲ್ಲ, ಬುಟ್ಟಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಮನೆಯ ಹಿರಿಯ ಗಂಡಸು ಬುಟ್ಟಿ ಹಿಡಿದು ಹೊಲದ ಸುತ್ತ ತಿರುಗುತ್ತ, "ಹುಲ್ಲುಲ್ಲಿಗೋ" ಎಂದು ಕೂಗಿ ಭೂಮಿತಾಯಿಗೆ ಹೋಳಿಗೆ, ಕಡುಬು, ಪಲ್ಯ ಎಲ್ಲ ಚೆಲ್ಲುತ್ತಾನೆ. ಅದಕ್ಕೆ ಚರಗ ಅನ್ನುತ್ತೇವೆ. ಅದಾದ ಮೇಲೆಯೇ ನಮ್ಮ ಊಟ.

ನಾನು ಮುದ್ದೇಬಿಹಾಳ ತಾಲೂಕಿನಲ್ಲಿ, ನಾಲತವಾಡದ ದಾರಿಯಲ್ಲಿರುವ ತಂಗಿಯ ಹೊಲಕ್ಕೆ ಹೋಗಿದ್ದೆ. ಹೊಲ ದಿಬ್ಬದ ಮೇಲಿದೆ. ಜೋಳದ ಮೇಲೆ ತೇಲಿ ಹಾರುವ ಒಂದು ಜಾತಿಯ ಗಿಡುಗ ಚಳಿಗಾಲದಲ್ಲಿ ಅಲ್ಲಿಗೆ ಬರುತ್ತದೆ. ಅದನ್ನು ಹಿಂಬಾಲಿಸಿ ದುರ್ಬೀನು ತಿರುಗಿಸುತ್ತ ಹೋದಾಗ ಹಳ್ಳದ ಆಚೆಯ ಹೊಲ ಕಂಡಿತು. ಅದು ನಮ್ಮ ಪ್ರೊಫೆಸರ ಹೆಂಡತಿಯ ತವರಿನವರ ಹೊಲ. ಹಿರಿಯ ಅಳಿಯನೆಂಬ ಮರ್ಯಾದೆಗೆ ಚರಗದ ಬುಟ್ಟಿ ಹಿಡಿದು ಪ್ರೊಫೆಸರು ಬದುವಿನ ಮೇಲೆ ನಿಂತಿದ್ದರು. ಗುಂಡಿ ಒತ್ತಿದೆ. ನಿಂತರು.

ಇಲ್ಲಿ ಒಂದು ಮಾತು ಹೇಳಬೇಕು. ಪ್ರೊಫೆಸರಿಗೆ ಸಕ್ಕರೆ ಕಾಯಿಲೆ. ಸಿಹಿ ಮುಟ್ಟುವುದಿಲ್ಲ, ಮುಟ್ಟುವವರನ್ನು ಬಿಡುವುದೂ ಇಲ್ಲ. ಯಾರಾದರೂ ಪೇಢೆ ಎತ್ತಿದರೆ ನಾಲಿಗೆಯ ಮೇಲೆ ಹಿಡಿತದ ಬಗ್ಗೆ ಭಾಷಣ ಶುರು. ಅವರ ಹೆಂಡತಿ ಹೋದಲ್ಲೆಲ್ಲ ಅವರ ಸಪ್ಪೆ ಊಟದ ಡಬ್ಬಿ ಹೊತ್ತು ತಿರುಗುತ್ತಾರೆ.

ಬನ್ನಿಗಿಡದ ಹತ್ತಿರ ಹೆಂಗಸರು ಇದ್ದರು. ನಡುವೆ ಆಳೆತ್ತರದ ಜೋಳ. ಪ್ರೊಫೆಸರು "ಹುಲ್ಲುಲ್ಲಿಗೋ" ಎಂದು ಕೂಗಿದ್ದು ಹಳ್ಳ ದಾಟಿ ನನಗೂ ಕೇಳಿಸಿತು. ಬುಟ್ಟಿಯಲ್ಲಿ ಕೈ ಹಾಕಿ ಒಂದು ಶೇಂಗಾ ಹೋಳಿಗೆ ತೆಗೆದರು. ಬಲಕ್ಕೆ ನೋಡಿದರು. ಎಡಕ್ಕೆ ನೋಡಿದರು. ಬಾಯಿಗೆ ಹಾಕಿಕೊಂಡರು. ನಾಲ್ಕು ಹೆಜ್ಜೆ ನಡೆದು ಮತ್ತೊಂದು ಕೂಗು, ಮತ್ತೊಂದು ಹೋಳಿಗೆ. ಗಿಡುಗ ಎಲ್ಲಿಗೆ ಹೋಯಿತೋ ನಾನು ನೋಡಲಿಲ್ಲ. ಎಣಿಕೆಯಲ್ಲಿ ಒಮ್ಮೆ ತೊಡಗಿದರೆ ನನಗೆ ಬೇರೆ ಕಡೆ ಲಕ್ಷ್ಯ ಹೋಗುವುದಿಲ್ಲ.

ಮುಂದಿನ ಭಾನುವಾರ ಹಿನ್ನೀರಿನ ದಂಡೆಯ ಮೇಲೆ ಗುಂಪು ಸೇರಿತು. ಪ್ರೊಫೆಸರ ಹೆಂಡತಿಯೂ ಡಬ್ಬಿ ಹಿಡಿದು ಬಂದಿದ್ದರು. ನನ್ನ ಕೊರಳಲ್ಲಿ ಹೊಸ ದುರ್ಬೀನು ನೋಡಿ ಪ್ರೊಫೆಸರು ನಕ್ಕರು.

"ಅಕ್ಕಾರ, ಮಷಿನ್ ತಂದ್ರ ಆಗಲಿಲ್ರಿ. ಎಣಿಕಿ ಅಂದ್ರ ವಿಜ್ಞಾನ. ನೀವು ಎಣಿಸಿದ್ದನ್ನ ಇನ್ನೊಬ್ಬರು ಹೌದು ಅನ್ನಬೇಕು. ಎರಡನೇ ಸಾಕ್ಷಿ ಬೇಕು. ಇಲ್ಲಂದ್ರ ನಾ ಒಪ್ಪಂಗಿಲ್ಲ."

"ಖರೇನ್ರಿ ಸರ" ಅಂದೆ. "ಹಂಗಾದ್ರ ಮೊದಲ ಒಂದು ಎಣಿಕಿ ಪರೀಕ್ಷಾ ಮಾಡ್ರಿ. ಅಮಾಸಿ ದಿನದ್ದು. ಜಾಗಾ, ಹಳ್ಳದ ಆಚಿ ಜೋಳದ ಹೊಲದ ಬದು. ಪ್ರಾಣಿ ದೊಡ್ಡದು, ಒಂಟಿ, ನೆತ್ತಿ ಬೋಳು. ಕೂಗು ಜೋರು. ಆಹಾರ, ಶೇಂಗಾ ಹೋಳಿಗಿ. ತಿಂದಿದ್ದು ಏಳು."

ಗುಂಪಿನವರು ಒಬ್ಬೊಬ್ಬರಾಗಿ ಪ್ರೊಫೆಸರ ನೆತ್ತಿಯ ಕಡೆ ನೋಡತೊಡಗಿದರು. ಸುಮ್ಮನಿದ್ದಿದ್ದರೆ ಅವರು ಉಳಿಯುತ್ತಿದ್ದರು. ಆದರೆ ತಪ್ಪು ಲೆಕ್ಕ ಕೇಳಿ ಸುಮ್ಮನಿರುವ ಜಾತಿಯಲ್ಲ ಅವರದು.

"ಏಳಾ?" ಎಂದು ಗುಡುಗಿದರು. "ನೋಡ್ರಿ, ನೋಡ್ರಿ! ನಾ ಹೇಳಿದ್ದೆ ಇಲ್ಲೋ? ಒಂದು ಎರಡಾಗಿ ಕಾಣ್ತಾವ ಈಕಿಗೆ! ನಾ ತಿಂದಿದ್ದು ನಾಕ!"

ಹೆಂಡತಿ ಡಬ್ಬಿಯ ಮುಚ್ಚಳ ಮೆಲ್ಲಗೆ ಹಾಕಿದರು. ಡಬ್ಬಿಯನ್ನು ಕೆಳಗಿಟ್ಟರು.

"ಬುಟ್ಟ್ಯಾಗ ನಾ ಕೈಯಾರೆ ಹತ್ತು ಹೋಳಿಗಿ ಇಟ್ಟಿದ್ದೆ. ತಿರುಗಿ ಬಂದಿದ್ದು ಮೂರು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ನಿಮ್ಮ ಎಣಿಕಿ ಸರಿ ಐತ್ರಿ."

ಗುಂಪಿನಲ್ಲಿ ಯಾರೋ ಕೆಮ್ಮಿದರು, ಯಾರೋ ಬಾಯಿಗೆ ಟವೆಲ್ ಇಟ್ಟುಕೊಂಡರು. ಪ್ರೊಫೆಸರು ಎಣಿಕೆಯ ಹಾಳೆ, ಪೆನ್ನು ಎರಡನ್ನೂ ನನ್ನ ಕೈಗೆ ಕೊಟ್ಟು ನೀರಿನ ಕಡೆ ಹೊರಟರು. ಹೆಂಡತಿ ಬಿಡಲಿಲ್ಲ.

"ನಿಲ್ರಿ ಇಲ್ಲೆ. ಏಳೂ ನೀವ ತಿಂದು ಮೂರು ತಿರುಗಿ ತಂದ್ರ, ಭೂಮಿತಾಯಿಗೆ ಏನು ಕೊಟ್ರಿ?"

ಪ್ರೊಫೆಸರು ಹಿನ್ನೀರಿನ ಕಡೆಯಿಂದ ತಿರುಗದೆಯೇ ಹೇಳಿದರು:

"ಕೂಗು ಮಾತ್ರ ಒಂದೂ ತಪ್ಪಿಸಿಲ್ಲ."